ವಾಹನಗಳ ಸ್ವಯಂ ದೋಷಪತ್ತೆ ವ್ಯವಸ್ಥೆ (ಓಬಿಡಿ) ಮತ್ತು ಹೊಗೆ ತಪಾಸಣೆ: ಸಾರ್ವಜನಿಕರಿಗೆ ಮಾಹಿತಿ

ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಕ್ಕಾಗಿ ಹೊಗೆ ತಪಾಸಣಾ ಕೇಂದ್ರಕ್ಕೆ ಬರುವ ಕೆಲವು ವಾಹನಗಳಲ್ಲಿ, ಚಾಲಕರ ಮುಂದಿನ ಫಲಕದ ಮೇಲೆ ಇಂಜಿನ್ ಆಕಾರದ ಹಳದಿ ದೀಪವು ಉರಿಯುತ್ತಲೇ ಇರುತ್ತದೆ. "ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ" ಎಂಬುದು ಮಾಲೀಕರ ಸಾಮಾನ್ಯ ಉತ್ತರ. ಆದರೆ ಸದರಿ ದೀಪವು ವಾಹನದ ಓಟಕ್ಕಿಂತ ಹೆಚ್ಚಾಗಿ ಅದರ ಹೊಗೆಗೆ ಸಂಬಂಧಪಟ್ಟದ್ದು. ಅದು ಉರಿಯುತ್ತಿರುವಾಗ ಪ್ರಮಾಣಪತ್ರ ದೊರೆಯದೆ ಹಿಂದಿರುಗಬೇಕಾದ ಸಂದರ್ಭವೂ ಉಂಟಾಗಬಹುದು. ಆದ್ದರಿಂದ ಈ ವ್ಯವಸ್ಥೆಯ ಕುರಿತು ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಯಾವ ವಾಹನಗಳಲ್ಲಿ ಇರುತ್ತದೆ?

ಭಾರತ್ ಸ್ಟೇಜ್-4 ಮಾನಕಗಳು ಏಪ್ರಿಲ್ 2010ರಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಜಾರಿಗೆ ಬಂದವು. 1ನೇ ಏಪ್ರಿಲ್ 2017ರಿಂದ ದೇಶದಾದ್ಯಂತ ಅನ್ವಯವಾದವು. ಕಾರುಗಳಲ್ಲಿ ಓಬಿಡಿಯ ಮೊದಲ ಹಂತವು ಈ ಮಾನಕಗಳ ಜೊತೆಯಲ್ಲೇ ಬಂದಿತು, ಎರಡನೇ ಹಂತವು 2013ರಲ್ಲಿ ಬಂದಿತು. 1ನೇ ಏಪ್ರಿಲ್ 2020ರಿಂದ ಭಾರತ್ ಸ್ಟೇಜ್-6 ಜಾರಿಯಾದಾಗ ದ್ವಿಚಕ್ರ ವಾಹನಗಳಿಗೂ ಇದು ಬಂದಿತು.

ಕಾರ್ಯವಿಧಾನ

ಓಬಿಡಿಯು ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ತಪಾಸಣಾ ಕೇಂದ್ರದ ಯಂತ್ರವು ಸೈಲೆನ್ಸರ್ ಕೊಳವೆಯಿಂದ ಹೊರಬರುವ ಅನಿಲವನ್ನು ಕೆಲವು ನಿಮಿಷ ಪರೀಕ್ಷಿಸುತ್ತದೆ. ಭಾರತ್ ಸ್ಟೇಜ್-4ರ ಪೆಟ್ರೋಲ್ ಕಾರಿನಲ್ಲಿ ಇಂಜಿನ್ ನಿಷ್ಕ್ರಿಯ ವೇಗದಲ್ಲಿರುವಾಗ ಇಂಗಾಲದ ಮಾನಾಕ್ಸೈಡ್ ಶೇಕಡಾ 0.3ನ್ನು, ಹೈಡ್ರೋಕಾರ್ಬನ್ 200 ಪಿಪಿಎಂ ಅನ್ನು ಮೀರುವಂತಿಲ್ಲ. ಓಬಿಡಿಯಾದರೋ ಪ್ರತಿ ಪ್ರಯಾಣದಲ್ಲಿಯೂ, ಹೊಗೆಯನ್ನು ಶುದ್ಧಗೊಳಿಸುವ ಭಾಗಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ಗಮನಿಸುತ್ತದೆ.

ಪೆಟ್ರೋಲ್ ವಾಹನದಲ್ಲಿ ಇಂತಹ ಮುಖ್ಯ ಭಾಗವೆಂದರೆ ಸೈಲೆನ್ಸರ್ ಮಾರ್ಗದಲ್ಲಿರುವ ಕೆಟಲಿಟಿಕ್ ಕನ್ವರ್ಟರ್. ಅದರ ಮುಂದೆ ಒಂದು, ಹಿಂದೆ ಒಂದು ಆಮ್ಲಜನಕ ಸಂವೇದಕವಿರುತ್ತದೆ. ಸಾಮಾನ್ಯ ಮಾದರಿಯ ಸಂವೇದಕವಾದಲ್ಲಿ, ಮುಂದಿನದರ ವಿದ್ಯುತ್ ಸಂಕೇತವು ಸುಮಾರು 0.1 ವೋಲ್ಟ್‌ನಿಂದ 0.9 ವೋಲ್ಟ್‌ವರೆಗೆ ನಿರಂತರವಾಗಿ ಏರಿಳಿಯುತ್ತದೆ. ಸುಸ್ಥಿತಿಯಲ್ಲಿರುವ ಕನ್ವರ್ಟರ್ ಆಮ್ಲಜನಕವನ್ನು ಕೂಡಿಟ್ಟು ಬೇಕಾದಾಗ ಬಿಡುಗಡೆ ಮಾಡುವುದರಿಂದ ಹಿಂದಿನ ಸಂಕೇತವು ಬಹುತೇಕ ಸ್ಥಿರವಾಗಿರುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಆರಂಭಿಕ ಶಿಲ್ಕು ಮತ್ತು ಅಖೈರು ಶಿಲ್ಕುಗಳನ್ನು ತಾಳೆ ನೋಡಿದಂತೆ: ಹಿಂದಿನ ಸಂಕೇತವೂ ಮುಂದಿನದರಂತೆಯೇ ಏರಿಳಿಯತೊಡಗಿದರೆ, ನಡುವೆ ನಡೆಯಬೇಕಾದ ವ್ಯವಹಾರ ನಡೆದಿಲ್ಲವೆಂದು ಅರ್ಥ. ಆಗ ಪಿ 0420 ಎಂಬ ದೋಷಸಂಖ್ಯೆಯು ದಾಖಲಾಗುತ್ತದೆ.

ಎರಡನೆಯದು ಇಂಧನವು ಸಿಲಿಂಡರಿನಲ್ಲಿ ಸರಿಯಾಗಿ ಉರಿಯದಿರುವುದು, ಅಂದರೆ ಮಿಸ್‌ಫೈರ್. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ದಂಡದ ವೇಗವು ಅಲ್ಪ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಂದು ಸಿಲಿಂಡರ್ ತಪ್ಪಿದರೆ ಆ ಏರಿಕೆ ಕಾಣಿಸುವುದಿಲ್ಲ. ಈ ಸೂಕ್ಷ್ಮ ವ್ಯತ್ಯಾಸದಿಂದಲೇ ಯಾವ ಸಿಲಿಂಡರ್ ತಪ್ಪಿತೆಂದು ಕಂಡುಹಿಡಿಯಲಾಗುತ್ತದೆ (ಪಿ 0301 ಎಂದರೆ ಮೊದಲನೆಯದು). ಉರಿಯದ ಇಂಧನವು ಕನ್ವರ್ಟರಿನೊಳಗೆ ಸೇರಿ ಅಲ್ಲಿ ಉರಿದರೆ ಅತಿಯಾದ ಬಿಸಿಯಿಂದ ಆ ದುಬಾರಿ ಭಾಗವೇ ಹಾಳಾಗುತ್ತದೆ. ದೀಪವು ಸ್ಥಿರವಾಗಿ ಉರಿಯದೆ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಇದೇ ಕಾರಣ. ಅಂತಹ ಸಂದರ್ಭದಲ್ಲಿ ವೇಗವನ್ನು ತಗ್ಗಿಸಿ, ಪ್ರಯಾಣ ಮುಂದುವರಿಸದೆ ದುರಸ್ತಿಗೆ ಒಪ್ಪಿಸುವುದು ಕ್ಷೇಮ.

ಭಾರತ್ ಸ್ಟೇಜ್-6ರ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ನೋಡಲಾಗುತ್ತದೆ. ಯೂರಿಯಾ ದ್ರಾವಣ ಬಳಸುವ ವಾಹನಗಳಲ್ಲಿ ನೈಟ್ರೋಜನ್ ಆಕ್ಸೈಡ್ ಸಂವೇದಕವೂ ಇರುತ್ತದೆ.

ದೀಪವು ಯಾವಾಗ ಆರುತ್ತದೆ?

ಒಂದು ಬಾರಿಯ ಏರುಪೇರಿಗೆಲ್ಲ ದೀಪ ಹೊತ್ತುವುದಿಲ್ಲ. ಅನೇಕ ದೋಷಗಳು ಒಂದಕ್ಕಿಂತ ಹೆಚ್ಚು ಪ್ರಯಾಣಗಳಲ್ಲಿ ಮರುಕಳಿಸಿದ ನಂತರವೇ ಸೂಚನೆ ಬರುತ್ತದೆ. ದುರಸ್ತಿಯಾದ ಬಳಿಕ ಸತತ ಮೂರು ಚಾಲನಾ ಆವರ್ತಗಳಲ್ಲಿ ದೋಷ ಕಾಣದಿದ್ದಲ್ಲಿ ದೀಪವು ತಾನಾಗಿಯೇ ಆರುತ್ತದೆ.

ಇಲ್ಲಿಯೇ ಅನೇಕರು ತಪ್ಪು ಮಾಡುವುದು. ತಪಾಸಣೆಯ ಮುನ್ನಾದಿನ ಬ್ಯಾಟರಿಯ ತಂತಿಯನ್ನು ಕಳಚುವುದು ಅಥವಾ ಸ್ಕ್ಯಾನರ್ ಉಪಕರಣದಿಂದ ದೋಷಸಂಖ್ಯೆಯನ್ನು ಅಳಿಸುವುದು ರೂಢಿಯಲ್ಲಿದೆ. ಇದರಿಂದ ದೀಪ ಆರಬಹುದು, ದೋಷ ಹೋಗುವುದಿಲ್ಲ. ವ್ಯವಸ್ಥೆಯು ತನ್ನ ಪರೀಕ್ಷೆಗಳನ್ನು ಮೊದಲಿನಿಂದ ನಡೆಸಿ ಕೆಲವು ದಿನಗಳಲ್ಲಿ ಮತ್ತೆ ದೀಪ ಹೊತ್ತಿಸುತ್ತದೆ. ದೋಷ ಉಂಟಾದಾಗಿನ ಇಂಜಿನ್ ವೇಗ, ತಾಪಮಾನ ಮುಂತಾದ ದಾಖಲೆಗಳೂ ಅಳಿದುಹೋಗುವುದರಿಂದ ಮೆಕ್ಯಾನಿಕ್‌ಗೆ ಇದ್ದ ಸುಳಿವೂ ಇಲ್ಲವಾಗುತ್ತದೆ. ಆದುದರಿಂದ ದೋಷಸಂಖ್ಯೆಯನ್ನು ಅಳಿಸುವ ಮೊದಲು ಬರೆದುಕೊಡುವಂತೆ ಗ್ಯಾರೇಜಿನವರನ್ನು ಕೇಳಿ ಪಡೆಯತಕ್ಕದ್ದು. ಸಂಖ್ಯೆಯು ದೋಷದ ಜಾಗವನ್ನು ಸೂಚಿಸುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಪಿ 0420 ಬಂದ ಮಾತ್ರಕ್ಕೆ ಹೊಸ ಕನ್ವರ್ಟರ್ ಕೊಳ್ಳಬೇಕಾಗಿಲ್ಲ. ಸೈಲೆನ್ಸರ್ ಮಾರ್ಗದ ಸೋರಿಕೆ ಅಥವಾ ಸಂವೇದಕದ ದೋಷವನ್ನು ಮೊದಲು ಪರಿಶೀಲಿಸಿಕೊಳ್ಳುವುದು ಉತ್ತಮ.

ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರ ಪ್ರಕಾರ, ಓಬಿಡಿ ಅಳವಡಿಸಿದ ವಾಹನದಲ್ಲಿ ಲ್ಯಾಂಬ್ಡಾ ಪರೀಕ್ಷೆಗೆ ಮುನ್ನ ಈ ದೀಪವನ್ನು ನೋಡಬೇಕು. ಕೀಲಿ ತಿರುಗಿಸಿದಾಗ ಅದು ಉರಿಯಬೇಕು, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಆರದಿದ್ದಲ್ಲಿ ದುರಸ್ತಿ ಮಾಡಿಸಿ ಪುನಃ ತರುವಂತೆ ಮಾಲೀಕರಿಗೆ ಸೂಚಿಸಲಾಗುತ್ತದೆ. ಕೀಲಿ ತಿರುಗಿಸಿದಾಗ ದೀಪವೇ ಉರಿಯದಿದ್ದರೆ ಅದೂ ದೋಷವೇ. ದೀಪವನ್ನು ಕಿತ್ತುಹಾಕಿದ್ದರೆ ಇಲ್ಲಿ ತಿಳಿದುಬರುತ್ತದೆ.

ಕನ್ವರ್ಟರನ್ನು ತೆಗೆಸಿ ಬರಿಯ ಕೊಳವೆ ಹಾಕಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ಕ್ಕೆ ವಿರುದ್ಧವಾದ ಮಾರ್ಪಾಡು. ಅನುಮತಿಯಿಲ್ಲದ ಇಂತಹ ಪ್ರತಿ ಮಾರ್ಪಾಡಿಗೆ, 2019ರ ತಿದ್ದುಪಡಿಯಂತೆ, ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು.

ಹೊಸ ವಾಹನಕ್ಕೆ ಮೊದಲ ನೋಂದಣಿಯಿಂದ ಒಂದು ವರ್ಷದ ನಂತರ ಪ್ರಮಾಣಪತ್ರ ಅಗತ್ಯ. ಭಾರತ್ ಸ್ಟೇಜ್-4 ಮತ್ತು 6ರ ವಾಹನಗಳಿಗೆ ಅದರ ಅವಧಿ ಒಂದು ವರ್ಷ, ಇತರೆ ವಾಹನಗಳಿಗೆ ಆರು ತಿಂಗಳು. ಅವಧಿ ಮುಗಿಯುವ ದಿನದವರೆಗೆ ಕಾಯದೆ, ದುರಸ್ತಿಯಾದ ವಾಹನವನ್ನು ಕೆಲವು ದಿನ ಓಡಿಸಿ ದೀಪವು ಮರಳಿ ಹೊತ್ತಲಿಲ್ಲವೆಂದು ಖಚಿತಪಡಿಸಿಕೊಂಡು, ಇಂಜಿನ್ ಬಿಸಿಯಿರುವಾಗಲೇ ತಪಾಸಣಾ ಕೇಂದ್ರಕ್ಕೆ ಹಾಜರುಪಡಿಸಲು ಕೋರಲಾಗಿದೆ.