ಕಂಬೀಪುರದ ಪೀಪಾಯಿಗಳು

ಮೇಷ್ಟ್ರು ವಿಸ್ಕಿಯ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಇದು ಕುಡಿಯಿರಿ ಎಂಬ ಲೇಖನವಲ್ಲ. ಮದ್ಯದ ಚರಿತ್ರೆಯನ್ನು ಬಿಟ್ಟು ನಮ್ಮ ಸೀಮೆಯ ಚರಿತ್ರೆ ಬರೆಯಲಾಗದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರೋಸಮ್ಮನವರ ಮುಂದಾಳತ್ವದಲ್ಲಿ ಹೆಂಗಸರು ಸಾರಾಯಿಯ ವಿರುದ್ಧ ಎದ್ದುನಿಂತರು. ಅದಕ್ಕೆ ಕಿಡಿ ಹಚ್ಚಿದ್ದು ಸಾಕ್ಷರತಾ ತರಗತಿಯ ಒಂದು ಪಾಠ! (ಶಿಕ್ಷಕರಾದ ನಾವು ಇದನ್ನು ಮರೆಯಬಾರದು.) 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಹೋಯಿತು. ಮೂರು ಕಡೆ ಕರ್ನಾಟಕ ಸುತ್ತುವರಿದಿರುವ ಮಡಕಶಿರದಲ್ಲಿ ನಿಷೇಧವೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ.

ಬಡವನ ಸಾರಾಯಿಯ ಕಥೆ ಹೀಗಾದರೆ, ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು.

ಮೊದಲು ವಿಸ್ಕಿ ಎಂದರೇನು ನೋಡೋಣ. ರಾಗಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ರಾಗಿ ಮಾಲ್ಟ್ ಅಲ್ಲವೇ? ಬಾರ್ಲಿಗೂ ಹಾಗೆಯೇ ಮಾಡುತ್ತಾರೆ. ಮೊಳಕೆಯಲ್ಲಿ ಪಿಷ್ಟ ಸಕ್ಕರೆಯಾಗಲು ಬೇಕಾದ ಕಿಣ್ವಗಳು ಹುಟ್ಟುತ್ತವೆ. ಆ ಸಕ್ಕರೆಯ ನೀರನ್ನು ಹುಳಿಸಿ, ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಾಲ್ಟ್ ವಿಸ್ಕಿ. ಒಂದೇ ಭಟ್ಟಿಯದ್ದಾದರೆ ಸಿಂಗಲ್ ಮಾಲ್ಟ್. ಸ್ಕಾಟ್ಲೆಂಡಿನ ಕಾನೂನಿನಂತೆ ಕನಿಷ್ಠ 3 ವರ್ಷ ಪೀಪಾಯಿಯಲ್ಲಿರಬೇಕು. ನಮ್ಮ ದೇಶದಲ್ಲಿ ಮಾತ್ರ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡಿದ್ದಕ್ಕೂ ವಿಸ್ಕಿ ಎಂದೇ ಚೀಟಿ ಅಂಟಿಸುತ್ತಾರೆ. ಯುರೋಪಿನಲ್ಲಿ ಅದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಬಾಟಲಿಯ ಹೆಸರಿಗೂ ಒಳಗಿನ ಸರಕಿಗೂ ಸಂಬಂಧವಿಲ್ಲದ ಈ ವ್ಯಾಪಾರಕ್ಕೆ ಮೋಸ ಎನ್ನದೆ ಬೇರೇನು ಎನ್ನಬೇಕು?

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಅನ್ನು 1948ರಲ್ಲಿ ರಾಧಾಕೃಷ್ಣ ಜಗದಾಳೆ ಎಂಬುವರು ಶುರುಮಾಡಿದರು. ಹೆಸರೇನೋ ಅಮೃತ! ಬ್ರಾಂದಿ, ರಮ್ಮು, ಸೈನಿಕರ ಕ್ಯಾಂಟೀನಿಗೆ ಸರಬರಾಜು, ಹೀಗೆ ಎಲ್ಲರ ದಾರಿಯಲ್ಲೇ ನಡೆಯಿತು. 1980ರ ದಶಕದಲ್ಲಿ ಮಗ ನೀಲಕಂಠ ರಾವ್ ಅವರ ಕಾಲಕ್ಕೆ ಬಾರ್ಲಿಯಿಂದ ಮಾಲ್ಟ್ ಇಳಿಸತೊಡಗಿದರು. ಅದನ್ನು ಬೇರೆ ಮದ್ಯಕ್ಕೆ ಬೆರೆಸುತ್ತಿದ್ದರು. ಮೈಸೂರು ರಸ್ತೆಯ ಕಂಬೀಪುರಕ್ಕೆ ಭಟ್ಟಿ ಬಂದದ್ದೂ ಆ ದಶಕದಲ್ಲೇ. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ, ಅಲ್ಲಿ ಭಾರತದ ಸಿಂಗಲ್ ಮಾಲ್ಟ್ ಮಾರಬಹುದೇ ಎಂದು ತಿಳಿಯುವ ಅಧ್ಯಯನವನ್ನೇ ಕೈಗೊಂಡರು. 2004ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ, ಅಂದರೆ ಸ್ಕಾಟ್ಲೆಂಡಿನ ಮನೆಯಂಗಳದಲ್ಲೇ, ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಮೊದಲು ಜನ ನಕ್ಕರು, ಕೊಳ್ಳಲಿಲ್ಲ. 2010ರ ತಮ್ಮ ವಾರ್ಷಿಕ ಗ್ರಂಥದಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿಟ್ಟ ಮೇಲೆ ನಗು ನಿಂತಿತು. ಬೆಂಗಳೂರಿನ ಅಂಗಡಿಗೆ ಅದು ಬಂದದ್ದೂ 2010ರಲ್ಲೇ. ಊರಿನ ಸರಕು ಊರಿಗೆ ಬರಲು ಆರು ವರ್ಷ!

ಇನ್ನು ಶೆರಿ ಪೀಪಾಯಿ. ಶೆರಿ ಎಂಬುದು ಸ್ಪೇನಿನ ಹೆರೆಸ್ ಸೀಮೆಯ ದ್ರಾಕ್ಷಾರಸದ ಮದ್ಯ. ಹಿಂದೆ ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಖಾಲಿ ಪೀಪಾಯಿ ಹೊತ್ತು ವಾಪಸು ಕಳಿಸುವುದೇಕೆಂದು ಸ್ಕಾಟ್ಲೆಂಡಿನವರು ಅದಕ್ಕೆ ವಿಸ್ಕಿ ತುಂಬಿದರು. ಒಣದ್ರಾಕ್ಷಿಯಂಥ ಸಿಹಿ ವಾಸನೆ, ಗಾಢ ಬಣ್ಣ ಬಂತು. ಉಳಿತಾಯದ ಬುದ್ಧಿಯೇ ರುಚಿಯಾಯಿತು ನೋಡಿ! 1980ರ ದಶಕದಿಂದ ಶೆರಿ ಸ್ಪೇನಿನಲ್ಲೇ ಬಾಟಲಿಯಾಗತೊಡಗಿತು. ಈಗ ವಿಸ್ಕಿಗಾಗಿಯೇ ಪೀಪಾಯಿಗಳಿಗೆ ಶೆರಿ ತುಂಬಿ ಹದಮಾಡಿಸಿ ತರಿಸುತ್ತಾರೆ. ಅಮೃತ್ 2010ರಲ್ಲಿ ತಂದ 'ಇಂಟರ್‌ಮೀಡಿಯಟ್ ಶೆರಿ'ಯಲ್ಲಿ ವಿಸ್ಕಿಯನ್ನು ನಡುವೆ ಸ್ವಲ್ಪ ಕಾಲ ಶೆರಿ ಪೀಪಾಯಿಗೆ ಹಾಕಿ, ಮತ್ತೆ ಅಮೆರಿಕದ ಬರ್ಬನ್ ಪೀಪಾಯಿಗೆ ವರ್ಗಾಯಿಸುತ್ತಾರೆ. (ನಮ್ಮ ಮಕ್ಕಳ ಇಂಟರ್‌ಮೀಡಿಯಟ್ ಅಲ್ಲ!)

ಬೆಂಗಳೂರಿನ ಬಿಸಿಲಿನಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಬೇಗ ಆವಿಯಾಗುತ್ತದೆ ಕೂಡ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಹೋದರೆ ಇಲ್ಲಿ 10 ರಿಂದ 12%. ಹೀಗೆ ಹೋದದ್ದನ್ನು 'ದೇವತೆಗಳ ಪಾಲು' ಎನ್ನುತ್ತಾರೆ. 200 ಲೀಟರಿಗೆ ವರ್ಷಕ್ಕೆ 10% ಕಳೆಯುತ್ತಾ ಹೋದರೆ 5 ವರ್ಷಕ್ಕೆ ಉಳಿಯುವುದು ಸುಮಾರು 118 ಲೀಟರ್; 2% ಆದರೆ ಸುಮಾರು 181. ತರಗತಿಯಲ್ಲಿ ಈ ಲೆಕ್ಕ ಕೊಡುವವರು ಪೀಪಾಯಿಯ ಬದಲು ಕೆರೆ ಎಂದು ಬರೆದುಕೊಳ್ಳಿ. ನಮ್ಮ ಸೀಮೆಯ ಮಕ್ಕಳಿಗೆ ಕೆರೆ ಬತ್ತುವುದು ಹೇಗೂ ಗೊತ್ತು.