ವಿಮಾನ ನಿಲ್ದಾಣದ ತಪಾಸಣೆ ಬರೀ ನಾಟಕವೇ?

"ಬೆಲ್ಟ್ ಬಿಚ್ಚಿಸುವುದು, ಲ್ಯಾಪ್‌ಟಾಪ್ ಹೊರಗೆ ತೆಗೆಸುವುದು ಎಲ್ಲ ತೋರಿಕೆಗೆ. ಬಾಂಬ್ ಇಡುವವನು ಹೇಗಿದ್ದರೂ ಇಡುತ್ತಾನೆ." ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಇದು ನಿಜವೇ?

ಚಿಕ್ಕ ಉತ್ತರ: ಅರ್ಧ ಸತ್ಯ. ತಪಾಸಣೆಯಿಂದ ವಿಮಾನದೊಳಗಿನ ಅಪಾಯ ಕಡಿಮೆಯಾಗಿದೆ. ಆದರೆ ಅಪಾಯ ಪೂರ್ತಿ ಹೋಗಿಲ್ಲ, ಕೆಲವೊಮ್ಮೆ ಜಾಗ ಬದಲಿಸಿದೆ.

ಮಂಗಳೂರಿನಲ್ಲಿ ಏನಾಯಿತು?

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ಒಂದು ಬ್ಯಾಗ್ ಅನಾಥವಾಗಿ ಬಿದ್ದಿತ್ತು. ಸಿಐಎಸ್‌ಎಫ್ ಸಿಬ್ಬಂದಿಗೆ ಅನುಮಾನ ಬಂತು. ಒಳಗಿದ್ದದ್ದು ಸ್ಫೋಟಕ. ಅದನ್ನು ಕೆಂಜಾರಿನ ಬಯಲಿಗೆ ಸಾಗಿಸಿ ಸ್ಫೋಟಿಸಲಾಯಿತು. ಯಾರಿಗೂ ಗಾಯವಾಗಲಿಲ್ಲ. ಎರಡು ದಿನದ ನಂತರ ಆರೋಪಿ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. 2022ರಲ್ಲಿ ನ್ಯಾಯಾಲಯ 20 ವರ್ಷ ಶಿಕ್ಷೆ ವಿಧಿಸಿತು.

ಇಲ್ಲಿ ಗಮನಿಸಬೇಕಾದ್ದು: ಆ ಬ್ಯಾಗ್ ಎಕ್ಸ್-ರೇ ಯಂತ್ರದವರೆಗೆ ಬರಲೇ ಇಲ್ಲ. ಅಪಾಯವನ್ನು ತಡೆದದ್ದು ಸಿಬ್ಬಂದಿಯ ಕಣ್ಣು.

ತಪಾಸಣೆಯಿಂದ ಲಾಭವೇನು?

1985ರಲ್ಲಿ ಏರ್ ಇಂಡಿಯಾದ 'ಕನಿಷ್ಕ' ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸ್ ವಿಮಾನ ಹತ್ತಿತ್ತು, ಅದರ ಪ್ರಯಾಣಿಕ ಹತ್ತಿರಲಿಲ್ಲ. ಪ್ರಯಾಣಿಕ ಬಾರದಿದ್ದರೆ ಅವನ ಲಗೇಜನ್ನು ಕೆಳಗಿಳಿಸುವ ಈಗಿನ ನಿಯಮ ಇಂಥದ್ದನ್ನು ತಡೆಯಲೆಂದೇ ಇದೆ. 1999ರ ಕಂದಹಾರ್ ಅಪಹರಣದ ನಂತರ, 2000ದಿಂದ, ನಿಲ್ದಾಣಗಳ ಕಾವಲು ಸಿಐಎಸ್‌ಎಫ್ ಕೈಗೆ ಬಂತು. ಅಲ್ಲಿಂದೀಚೆಗೆ ಅಂಥ ಅಪಹರಣ ಮರುಕಳಿಸಿಲ್ಲ. ಇದಕ್ಕೆ ತಪಾಸಣೆಯೊಂದೇ ಕಾರಣ ಎನ್ನಲಾಗದು. ಗುಪ್ತಚರ ಮಾಹಿತಿ, ಪೈಲಟ್ ಕೋಣೆಯ ಗಟ್ಟಿ ಬಾಗಿಲು ಕೂಡ ಕಾರಣ.

ಎಲ್ಲಿ ಸೋಲುತ್ತದೆ?

ಅಮೆರಿಕದಲ್ಲಿ 1973ರಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಶುರುವಾದ ಮೇಲೆ ಅಪಹರಣಗಳು ಇಳಿದವು. ಆದರೆ ಒತ್ತೆಯಾಳು ಹಿಡಿಯುವಂಥ ಬೇರೆ ದಾಳಿಗಳು ಏರಿದವು ಎಂದು ಎಂಡರ್ಸ್ ಮತ್ತು ಸ್ಯಾಂಡ್ಲರ್ ಎಂಬ ಸಂಶೋಧಕರು 1993ರಲ್ಲಿ ತೋರಿಸಿದರು. 2016ರಲ್ಲಿ ಬ್ರಸೆಲ್ಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದು ತಪಾಸಣೆಗೂ ಮುಂಚಿನ, ಜನ ಸೇರುವ ಹಾಲ್‌ನಲ್ಲಿ. ಯಂತ್ರದ ಮುಂದೆ ಕೂರುವವರೂ ತಪ್ಪುತ್ತಾರೆ: 2015ರಲ್ಲಿ ಬಹಿರಂಗವಾದ ಅಮೆರಿಕದ ಗುಪ್ತ ಪರೀಕ್ಷೆಯಲ್ಲಿ 70 ಪ್ರಯತ್ನಗಳಲ್ಲಿ 67 ಸಲ ನಕಲಿ ಬಾಂಬ್, ಆಯುಧಗಳು ಒಳಗೆ ಹೋದವು.

ಭಯವೂ ಅಪಾಯವೇ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಹಳಷ್ಟು ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹಿಡಿದರು. ಇದರಿಂದ ಒಂದು ವರ್ಷದಲ್ಲಿ ಸುಮಾರು 1,500 ಜನ ಹೆಚ್ಚಾಗಿ ರಸ್ತೆ ಅಪಘಾತದಲ್ಲಿ ಸತ್ತರೆಂದು ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅಂದಾಜಿಸಿದ್ದಾರೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಜನ. ಹಂಪಾಪುರದಿಂದ ಮಂಡಕಳ್ಳಿಗೋ ದೇವನಹಳ್ಳಿಗೋ ಹೋಗಿ ವಿಮಾನ ಹತ್ತುವವರಿಗೆ ಆಕಾಶಕ್ಕಿಂತ ದಾರಿಯೇ ಹೆಚ್ಚು ಅಪಾಯ.

ನೀವು ಏನು ಮಾಡಬಹುದು?

* ಬೇರೆಯವರ ಬ್ಯಾಗ್, ಪಾರ್ಸೆಲ್ ಹಿಡಿದುಕೊಳ್ಳಬೇಡಿ, ಎಷ್ಟೇ ಪರಿಚಯವಿರಲಿ.
* ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಿ. ಬಸ್ ನಿಲ್ದಾಣದಲ್ಲಾದರೆ 112ಕ್ಕೆ ಕರೆ ಮಾಡಿ.
* "ವಿಮಾನದಲ್ಲಿ ಬಾಂಬ್" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. 2024ರಲ್ಲಿ ನವೆಂಬರ್ ಮಧ್ಯದ ಹೊತ್ತಿಗೇ ದೇಶದಲ್ಲಿ ಇಂಥ 999 ಹುಸಿ ಬೆದರಿಕೆಗಳು ಬಂದಿದ್ದವು.