‘ಬತ್ತೆ’, ‘ಬೈದೆ’ ಮತ್ತು ಇಂಗ್ಲಿಷ್ ವ್ಯಾಕರಣ

‘ಹಿ ಕೇಮ್’ ಎನ್ನಬೇಕೋ, ‘ಹಿ ಹ್ಯಾಸ್ ಕಮ್’ ಎನ್ನಬೇಕೋ? ಇಂಗ್ಲಿಷ್ ಕಲಿಯುವವರು ತಲೆಮಾರುಗಳಿಂದ ಕೇಳುತ್ತ ಬಂದ ಪ್ರಶ್ನೆ ಇದು. ಕಾಸರಗೋಡಿನ ಪುತ್ತಿಗೆಯಲ್ಲಿ ಇದರ ಅರ್ಧ ಉತ್ತರ ಮನೆಮಾತಿನಲ್ಲೇ ಇದೆ. ತುಳುವಿನಲ್ಲಿ ‘ಆಯೆ ಬತ್ತೆ’ ಎಂದರೆ ಅವನು ಬಂದ. ‘ಆಯೆ ಬೈದೆ’ ಎಂದರೆ ಬಂದಿದ್ದಾನೆ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗುವಿಗೆ ಈ ವ್ಯತ್ಯಾಸ ಗೊತ್ತು.

ಕರಾವಳಿಯಲ್ಲಿ ತುಳು, ಕನ್ನಡಗಳನ್ನೂ ಇಂಗ್ಲಿಷನ್ನೂ ಎದುರುಬದುರು ಕೂರಿಸಿದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ಕೆಲಸದಿಂದ 1872ರಲ್ಲಿ ಬ್ರಿಗೆಲ್ ಬರೆದ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದವು. ಕಿಟೆಲ್ ಕೋಶ ವಿದ್ವಾಂಸರ ಕೈಗೆ ತಕ್ಕ ಹೆಬ್ಬೊತ್ತಿಗೆ. ಅದನ್ನು ಆಧರಿಸಿ ಬುಖರ್ 1899ರಲ್ಲಿ ಶಾಲಾ ನಿಘಂಟನ್ನು ಸಿದ್ಧಪಡಿಸಿದರು. ಬ್ರಿಗೆಲ್ ವ್ಯಾಕರಣ ಬರೆದದ್ದು ಇಂಗ್ಲಿಷ್ ಬಲ್ಲವರು ತುಳು ಕಲಿಯಲೆಂದು. ತುಳುವರು ಇಂಗ್ಲಿಷ್ ಕಲಿಯಲು ಅದೇ ಸೇತುವೆಯನ್ನು ಈಚೆ ದಡದಿಂದ ದಾಟಬಹುದಿತ್ತು.

ಆದರೆ ಶಾಲೆಗಳು ಹಿಡಿದ ದಾರಿ ಬೇರೆ. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಕೆನರಾ ಹೈಸ್ಕೂಲು ಮಂಗಳೂರಿನಲ್ಲಿ ತೆರೆದವು. ಇಂಗ್ಲಿಷ್ ಎಂದರೆ ಸರ್ಕಾರಿ ಕೆಲಸದ ಬಾಗಿಲು ಎಂಬ ಕಾಲ ಅದು. ಭಾರತದ ಶಾಲೆಗಳಲ್ಲಿ ಮೊದಲು ನೆಸ್‌ಫೀಲ್ಡ್, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣಗಳು ಬೇರೂರಿದವು. ಅಚ್ಚುಕಟ್ಟಾದ ಪುಸ್ತಕಗಳೇ, ಆದರೆ ಓದುವ ಹುಡುಗ ಮನೆಯಲ್ಲಿ ಏನು ಮಾತಾಡುತ್ತಾನೆಂದು ಅವು ಕೇಳಲಿಲ್ಲ.

ಕೇಳಬೇಕಿತ್ತು. ಸಪ್ತಭಾಷೆಗಳ ಸಂಗಮಭೂಮಿ ಎನಿಸಿಕೊಂಡ ಕಾಸರಗೋಡಿನಲ್ಲಿ ತಪ್ಪುಗಳೂ ಮನೆಮಾತಿನ ಗುರುತು ಹೊತ್ತೇ ಬರುತ್ತವೆ. ಮಲಯಾಳದಲ್ಲಿ ನಾನು ಹೋದರೂ, ಅವನು ಹೋದರೂ, ಅವರು ಹೋದರೂ ಕ್ರಿಯಾಪದ ‘ಪೋಯಿ’ಯೇ. ಆ ಮನೆಯ ಮಗು ‘ಹಿ ಗೋ’ ಎಂದರೆ ಅದು ದಡ್ಡತನವಲ್ಲ. ಕನ್ನಡದ ಮಗುವಿಗೆ ‘ಹೋಗುತ್ತೇನೆ’, ‘ಹೋಗುತ್ತಾನೆ’ ಬೇರೆಯೆಂದು ಗೊತ್ತು. ‘ಗೋಸ್’ ಎಂಬುದರ ಕೊನೆಯ ಸಕಾರ ಆ ‘ಆನೆ’ಯ ಕೆಲಸವನ್ನೇ ಮಾಡುತ್ತದೆ ಎಂದು ತೋರಿಸಿದರೆ ದಾರಿ ಅರ್ಧ ಸವೆದಂತೆ. ‘ದಿ’ ಎಂಬ ಪುಟ್ಟ ಪದ ಇನ್ನೂ ಕಾಡಿಸುತ್ತದೆ. ಕನ್ನಡದಲ್ಲಿ ಅಂಥ ಪದವಿಲ್ಲ. ಆದರೂ ‘ಪುಸ್ತಕ ಕೊಂಡೆ’ ಎಂದಾಗ ಯಾವುದೋ ಪುಸ್ತಕ, ‘ಪುಸ್ತಕವನ್ನು ಕೊಂಡೆ’ ಎಂದಾಗ ಹೆಚ್ಚಾಗಿ ಆಗಲೇ ಮಾತಿನಲ್ಲಿ ಬಂದುಹೋದ ಪುಸ್ತಕ. ದ್ವಿತೀಯಾ ವಿಭಕ್ತಿ ‘ದಿ’ಯ ಪಾಲನ್ನು ಸ್ವಲ್ಪಮಟ್ಟಿಗೆ ಹೊರುತ್ತದೆ.

ಮನೆಮಾತು ಮೋಸ ಮಾಡುವುದೂ ಉಂಟು. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂಬುದು ಚೊಕ್ಕ ಕನ್ನಡ. ಅದನ್ನೇ ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಮಾಡಿದರೆ ಇಂಗ್ಲಿಷ್ ಒಪ್ಪದು. ‘ನಿನ್ನೆ’ ಎಂದು ಕಾಲ ಗೊತ್ತುಮಾಡಿದೊಡನೆ ಅದಕ್ಕೆ ‘ಕೇಮ್’ ಬೇಕು. ಇನ್ನು ‘ನಾವು’ ಎಂಬಲ್ಲಿ ಇಂಗ್ಲಿಷೇ ಬಡವ. ಕೇಳುವವರನ್ನು ಸೇರಿಸಿಕೊಂಡರೆ ತುಳುವರು ‘ನಮ’ ಎನ್ನುತ್ತಾರೆ, ಬಿಟ್ಟರೆ ‘ಎಂಕುಲು’. ಹವ್ಯಕರಲ್ಲಿ ‘ನಾವು’ ಮತ್ತು ‘ಎಂಗೊ’. ‘ವಿ’ ಎಂಬ ಒಂದೇ ಪದಕ್ಕೆ ಈ ಸೂಕ್ಷ್ಮ ದಕ್ಕಿಲ್ಲ.

ಇದನ್ನೆಲ್ಲ ತೋರಿಸಿಕೊಡಲು ಮಗುವಿನ ಮಾತು ಬಲ್ಲ ಶಿಕ್ಷಕರು ಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗಡಿ ಕದಲಲಿಲ್ಲ. ಕನ್ನಡ ಮಾಧ್ಯಮ ಶಾಲೆಗಳು ಉಳಿದವು. ಅವುಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಪೋಷಕರೂ ಮಕ್ಕಳೂ ಬೀದಿಗಿಳಿದಿದ್ದಾರೆ. ಆ ಸಿಟ್ಟು ನ್ಯಾಯವಾದದ್ದು, ಅದು ಕನ್ನಡದ ಪಾಠಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. ‘ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದು ಬರೆದ ಮಗುವಿನ ಮನಸ್ಸಿನಲ್ಲಿ ‘ನಿನ್ನೆಯೇ ಬಂದಿದ್ದಾನೆ’ ಇದೆಯೆಂದು ಗೊತ್ತಾಗದ ಶಿಕ್ಷಕರು ಕೆಂಪು ಗೆರೆ ಎಳೆಯಬಲ್ಲರೇ ಹೊರತು ಕಾರಣ ಹೇಳಲಾರರು.